ಹ್ರಸ್ವದ ನೊ, ದೀರ್ಘದ ನೋ

ಫ್ರೆಂಚ್ ಸೀಟು ಸಿಗದೆ ಪೋಲಿಷ್ ಓದಲು ದೆಹಲಿಗೆ ಬಂದ ಮೈಸೂರಿನ ಹುಡುಗಿಯೊಬ್ಬಳು ನಮ್ಮ ಮನೆಯಲ್ಲಿ ಬಾಡಿಗೆಗೆ ಇರದಿದ್ದರೆ, ಆ ಬಸವನಹುಳುವಿನ ಪರಿಚಯ ನನಗೆ ಈ ಜನ್ಮದಲ್ಲಿ ಆಗುತ್ತಿರಲಿಲ್ಲ. ಆಗಿನ್ನೂ ನಮ್ಮ ಹೌಜ್ ಖಾಸಿಗೆ ಮೆಟ್ರೋ ಬಂದಿರಲಿಲ್ಲ. ರಸ್ತೆಯನ್ನೆಲ್ಲ ಅಗೆದು ಹಾಕಿದ್ದರು. ಹುಡುಗಿ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿದ್ದಳು; ಇಲ್ಲಿ ಅದಕ್ಕೆ ಬರ್ಸಾತಿ ಎನ್ನುತ್ತಾರೆ.

"ಪೋಲಿಷ್ ಕಲಿತು ಏನು ಮಾಡ್ತೀಯಮ್ಮ?" ಎಂದು ಕೇಳಿದ್ದೆ.

"ಗೊತ್ತಿಲ್ಲ ಆಂಟಿ. ಸದ್ಯಕ್ಕೆ ಕಾಮಿಕ್ಸ್ ಓದ್ತೀನಿ."

ಹಾಗೆಂದವಳು ಮೂರು ಆಲ್ಬಮ್ ತಂದು ನನ್ನ ಮಡಿಲಿಗೆ ಹಾಕಿದಳು. ಕಥಾನಾಯಕ ಒಂದು ಬಸವನಹುಳು. ವೃತ್ತಿಯಲ್ಲಿ ಪೋಸ್ಟ್‌ಮ್ಯಾನ್. ಅವನು ಹೊತ್ತು ತಂದ ಮದುವೆ ಕಾಗದ ತಲುಪುವಷ್ಟರಲ್ಲಿ ಅದೇ ದಂಪತಿಯ ಮಗುವಿಗೆ ನಾಮಕರಣ. ಆದರೂ ಮನೆಯವರು ಬೈಯುವುದಿಲ್ಲ. ಒಳಗೆ ಕರೆದು, ಕೂರಿಸಿ, ಕೇಕ್ ಕೊಡುತ್ತಾರೆ. ಒಂದಕ್ಷರ ಅರ್ಥವಾಗದೆಯೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಅದನ್ನು ಬರೆದವರ ಕಥೆಯನ್ನೂ ಹುಡುಗಿಯೇ ಹೇಳಿದಳು. ಅವರು ಚಿಕ್ಕವರಿದ್ದಾಗ ಯುದ್ಧ ಊರನ್ನೇ ಕೆಡವಿಹಾಕಿತ್ತಂತೆ. ಕಾಗದ ಎಲ್ಲಿ ಬರಬೇಕು? ಮುರಿದ ಗೋಡೆಗಳ ಮೇಲೆ ಇದ್ದಿಲಿನಿಂದ ಗೀಚುತ್ತಿದ್ದರು. ಗೋಡೆ ರಿಪೇರಿಯಾಯಿತೆಂದರೆ ಚಿತ್ರ ಹೋಯಿತು. ದೊಡ್ಡವರಾದ ಮೇಲೂ ಕಾಗದದ ಅಭಾವ ತಪ್ಪಲಿಲ್ಲ. ಹೊಸ ಆಲ್ಬಮ್ ಬಂತೆಂದರೆ ಅಂಗಡಿ ಮುಂದೆ ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಕ್ಯೂ ನಿಲ್ಲುತ್ತಿದ್ದರು. ಒಂದು ಪ್ರತಿಯನ್ನು ಇಡೀ ಬೀದಿ ಓದುತ್ತಿತ್ತು. ಈಗಲೂ ಅಜ್ಜಂದಿರು ಹರಿದ ಪ್ರತಿ ಹಿಡಿದು ಬಂದರೆ ಬರೀ ಸಹಿ ಮಾಡಿ ಕಳಿಸುವುದಿಲ್ಲವಂತೆ. ಪ್ರತಿಯೊಬ್ಬರಿಗೂ ಹೊಸದೊಂದು ಹುಳು ಬರೆದುಕೊಡುತ್ತಾರಂತೆ.

"ಅವರು ಮುಂದಿನ ತಿಂಗಳು ದೆಹಲಿಗೆ ಬರ್ತಿದ್ದಾರೆ ಆಂಟಿ. ಇಂಟರ್‌ಪ್ರಿಟರ್ ಯಾರು ಹೇಳಿ? ನಾನೇ!"

ನನ್ನದೂ ಒಂದು ಪುಸ್ತಕವಿತ್ತು.

ಬೆಂಗಳೂರಿನ ಕಾನ್ವೆಂಟಿನಲ್ಲಿ ಓದುವಾಗ ನಮ್ಮ ಸಿಸ್ಟರನ್ನು ನಾನು ಬಾತುಕೋಳಿಯಾಗಿ ಬರೆದಿದ್ದೆ. ತಲೆಯ ಮೇಲಿನ ಆ ಬಿಳಿ ಬಟ್ಟೆ, ಆ ನಡಿಗೆ. ನನ್ನ ತಪ್ಪೇನೂ ಇರಲಿಲ್ಲ. ಸಿಸ್ಟರ್ ಚಿತ್ರವನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿ, "ನೋ...!" ಎಂದರು. ಎಂಥ ದೀರ್ಘ! ಸಾಲದೆಂಬಂತೆ ಇಂಗ್ಲಿಷಿನ ಅದೇ ಎರಡಕ್ಷರವನ್ನು ಕೆಂಪು ಶಾಯಿಯಲ್ಲಿ ಚಿತ್ರದ ಮೇಲೆ ಬರೆದು, ಅಪ್ಪನಿಗೆ ತೋರಿಸಿಕೊಂಡು ಬಾ ಎಂದರು. ಅಪ್ಪನಿಗೆ ತೋರಿಸಲಿಲ್ಲ. ಯಾರಿಗೂ ತೋರಿಸಲಿಲ್ಲ. ಬರೆಯುವುದನ್ನು ಮಾತ್ರ ಬಿಡಲಿಲ್ಲ. ಯಜಮಾನರಿಗೆ ಸರೋಜಿನಿ ನಗರದಲ್ಲಿ ಸರ್ಕಾರಿ ಕ್ವಾರ್ಟರ್ಸ್ ಇದ್ದಷ್ಟು ವರ್ಷವೂ, ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ, ಅಲ್ಲಿನ ಮಾರ್ಕೆಟ್ಟಿನಲ್ಲಿ "ಭಯ್ಯಾ, ಠೀಕ್ ಠೀಕ್ ಲಗಾವೊ" ಎಂದು ಚೌಕಾಸಿ ಮಾಡುವ ಹೆಂಗಸರನ್ನು ಬರೆದೆ. ಎಲ್ಲವನ್ನೂ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಅಂಟಿಸಿದ್ದೆ. ಮೊದಲ ಪುಟದಲ್ಲಿ ಬಾತುಕೋಳಿ. ಇದು ಚಿತ್ರವೋ ಬರೀ ಗೀಚೋ ಎಂದು, ನಾನು ಸಾಯುವುದರೊಳಗೆ ಬಲ್ಲವರು ಯಾರಾದರೂ ಒಂದು ಸಲ ಹೇಳಿಬಿಡಲಿ ಎಂಬುದಷ್ಟೇ ನನ್ನ ಆಸೆ.

"ತೋರಿಸು," ಎಂದರು ಯಜಮಾನರು ಪೇಪರಿನ ಹಿಂದಿನಿಂದ. "ಮಾನ ಹೋದರೆ ಪೋಲೆಂಡಿನಲ್ಲಿ ತಾನೆ ಹೋಗೋದು? ಅಲ್ಲಿ ನಮಗೆ ನೆಂಟರಿಲ್ಲ."

ಕಾರ್ಯಕ್ರಮ ಮನೆಯ ಹತ್ತಿರದಲ್ಲೇ ಇತ್ತು. ಪುಟ್ಟ ಮನುಷ್ಯ, ಪೊದೆ ಮೀಸೆ, ಬೆರಳ ತುಂಬ ಮಸಿ. ಮಕ್ಕಳಿಗೆ ಹುಳು ಬರೆದುಕೊಟ್ಟು ಮುಗಿಯುವಷ್ಟರಲ್ಲಿ ಯಾರೋ ಹುಡುಗಿಯನ್ನು ಚಹಾದ ವ್ಯವಸ್ಥೆಗೆ ಕರೆದರು. ಅವಳು ಬರುವವರೆಗೆ ಕಾಯಬೇಕಿತ್ತು. ಆದರೆ ಇಂಗ್ಲಿಷ್ ಬರುವ ನನಗೆ ಇಂಟರ್‌ಪ್ರಿಟರ್ ಏಕೆ ಎಂಬ ಕಾನ್ವೆಂಟ್ ಕೊಬ್ಬು! ನೋಟ್‌ಬುಕ್ಕನ್ನು ಅವರ ಮುಂದಿಟ್ಟೆ.

ಅವರು ಹಿಂದಿನಿಂದ ತಿರುವಿದರು. ಸರೋಜಿನಿ ನಗರದ ಹೆಂಗಸರನ್ನು ನೋಡಿ ಮೆಲ್ಲಗೆ, "ನೊ," ಎಂದರು. ಇನ್ನೊಂದು ಪುಟ. "ನೊ, ನೊ." ಬಾತುಕೋಳಿಯ ಪುಟ ಬಂದಾಗ ಕನ್ನಡಕವನ್ನು ಹಣೆಗೇರಿಸಿ, ಕಾಗದಕ್ಕೆ ಮೂಗು ತಾಗುವಷ್ಟು ಬಗ್ಗಿ, "ನೊ, ನೊ, ನೊ!" ಎಂದರು. ಮುಖದಲ್ಲಿ ನಗು. ತಲೆ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಎಷ್ಟು ಪೊಲೈಟ್ ಮನುಷ್ಯ, ಬೇಡವೆನ್ನುವುದನ್ನೂ ನಗುತ್ತಲೇ ಹೇಳುತ್ತಾರಲ್ಲ ಎಂದುಕೊಂಡೆ. "ಥ್ಯಾಂಕ್ ಯು ಸೋ ಮಚ್, ಸರ್," ಎಂದವಳೇ ಪುಸ್ತಕ ಎಳೆದುಕೊಂಡು ಹೊರಬಿದ್ದೆ. ಹತ್ತು ನಿಮಿಷದ ದಾರಿಗೆ ಆಟೋ ಹತ್ತಿದೆ. ಮನೆಗೆ ಬಂದು ಅದನ್ನು ಸ್ವೆಟರುಗಳ ಅಡಿಯಲ್ಲಿ ಹೂತಿಟ್ಟೆ.

ಸಂಜೆ ಹುಡುಗಿ ಏದುಸಿರು ಬಿಡುತ್ತ ಬಂದಳು. "ಎಲ್ಲಿ ಓಡಿಹೋದ್ರಿ ಆಂಟಿ? ಆ ಲೇಡಿ ಯಾಕೆ ಸಿಟ್ಟಾದ್ರು, ನಾನೇನು ತಪ್ಪು ಮಾಡಿದೆ ಅಂತ ಪಾಪ ಅವರು ಕೇಳ್ತಾನೇ ಇದ್ದಾರೆ!"

"ಅವರೇ ನೋ ಅಂದ್ರಲ್ಲ. ಒಂದಲ್ಲ, ಆರು ಸಲ."

ಅವಳು ನನ್ನನ್ನೇ ನೋಡಿದಳು. "ಹೇಗಂದ್ರು? ಉದ್ದ ಎಳೆದ್ರಾ?"

"ಇಲ್ಲ, ಗಿಡ್ಡಕ್ಕೆ. ನೊ, ನೊ, ಅಂತ."

ಅವಳು ಬಾಗಿಲ ಬಳಿಯೇ ಕುಸಿದು ಕೂತು ನಕ್ಕಳು. "ಹ್ರಸ್ವ ಆಂಟಿ, ಹ್ರಸ್ವ! ಪೋಲಿಷ್ ಜನ ಮಾತಾಡುವಾಗ ನೊ ಅಂದ್ರೆ ಹೂಂ ಅಂತ. ನಾವು 'ಹೂಂ, ಹೂಂ, ಭೇಷ್' ಅನ್ನಲ್ವಾ? ಹಾಗೆ!"

ಒಳಗಿನಿಂದ ಯಜಮಾನರ ದನಿ: "ಇವಳು ನಲವತ್ತು ವರ್ಷದಿಂದ ನನಗೆ ಹೇಳ್ತಾ ಬಂದಿರೋದು ಯಾವ ನೋ, ಸ್ವಲ್ಪ ಕೇಳಮ್ಮ."

ಮರುದಿನ ಬೆಳಿಗ್ಗೆ ಆ ಚಿತ್ರಕಾರರು ಆಗ್ರಾಕ್ಕೆ ಹೊರಡುವ ಮೊದಲು ಅವರ ಗೆಸ್ಟ್‌ಹೌಸಿಗೆ ಹೋದೆವು. ಈ ಸಲ ಪುಸ್ತಕ ಅವರ ತೊಡೆಯ ಮೇಲೆ, ಹುಡುಗಿ ನಡುವೆ. ಚೌಕಾಸಿಯ ಹೆಂಗಸರ ಪಾದಗಳ ಮೇಲೆ ಅವರ ಮಸಿಬೆರಳು ಓಡಾಡಿತು.

"ಜಗಳವನ್ನ ಮುಖದಲ್ಲಿ ಯಾರು ಬೇಕಾದ್ರೂ ಬರೀತಾರಂತೆ," ಎಂದು ಹುಡುಗಿ ಕನ್ನಡಕ್ಕೆ ತಂದಳು. "ನೀವು ಚಪ್ಪಲಿಯಲ್ಲಿ ಬರೆದಿದ್ದೀರಂತೆ. ಈಯಮ್ಮ ಹೊರಟುಹೋಗೋ ನಾಟಕ ಮಾಡ್ತಿದ್ದಾಳೆ, ಆದ್ರೆ ಹಿಮ್ಮಡಿ ಮಾತ್ರ ಎತ್ತಿಲ್ಲ. ಇದು ಚಿತ್ರ, ಅಂತಾರೆ."

ಇದು ಚಿತ್ರ. ನಾನು ಕಿಟಕಿಯಾಚೆ ಅಗೆದ ರಸ್ತೆಯನ್ನು ನೋಡುತ್ತ ಕೂತೆ. ಆ ಹೊತ್ತಿಗೆ ಅಷ್ಟು ಸುಂದರವಾದ ರಸ್ತೆ ದೆಹಲಿಯಲ್ಲಿ ಇನ್ನೊಂದಿರಲಿಲ್ಲ.

ಆಮೇಲೆ ಅವರು ಮೊದಲ ಪುಟ ತೆರೆದರು. ಬಾತುಕೋಳಿ ಸಿಸ್ಟರ್, ಅವರ ಮೇಲೆ ಅಡ್ಡಡ್ಡಲಾಗಿ ಆ ಕೆಂಪು ಅಕ್ಷರಗಳೆರಡು. ಅವನ್ನು ತಟ್ಟಿ ತೋರಿಸುತ್ತ ಏನೋ ಕೇಳಿದರು. ಹುಡುಗಿ ಬಾಯಿಗೆ ದುಪಟ್ಟಾ ಒತ್ತಿಕೊಂಡಳು.

"ಆಂಟಿ... ಇದು ನಿಮ್ಮ ಟೀಚರ್ ಬರೆದಿದ್ದಾ ಅಂತಾರೆ. ತನ್ನನ್ನೇ ಬಾತುಕೋಳಿ ಮಾಡಿದ ಹುಡುಗಿಗೆ 'ನೊ!' ಅಂತ ಭೇಷ್ ಬರೆದುಕೊಟ್ರಲ್ಲ, ಎಂಥಾ ದೊಡ್ಡ ಮನಸ್ಸು ಅಂತಾರೆ. ಏನು ಹೇಳ್ಲಿ?"

ಇಂಗ್ಲಿಷಿನ ಆ ಎರಡಕ್ಷರಕ್ಕೆ ಹ್ರಸ್ವವೂ ಇಲ್ಲ, ದೀರ್ಘವೂ ಇಲ್ಲ. ಇಷ್ಟು ವರ್ಷ ದೀರ್ಘವಾಗಿ ಓದಿಕೊಂಡವಳು ನಾನೇ. ಸಿಸ್ಟರ್ ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ಅವರ ಕಾಗದ ಬಸವನಹುಳುವಿನ ಚೀಲದಲ್ಲಿ ಅಂತೂ ಬಂದು ತಲುಪಿತ್ತು.

"ನೀನೇನೂ ಹೇಳಬೇಡ," ಎಂದೆ. ಅವರ ಕಡೆ ತಿರುಗಿ, ತಲೆಯನ್ನು ಚೆನ್ನಾಗಿ ಮೇಲಕ್ಕೂ ಕೆಳಕ್ಕೂ ಆಡಿಸಿ, ಎಳೆಯದಂತೆ ಜಾಗ್ರತೆ ವಹಿಸಿ, ಗಿಡ್ಡಕ್ಕೆ ಹೇಳಿದೆ:

"ನೊ."