ಬಾಣಂತಿ ಕೋಣೆಯ ಕೋವಿ

ನನ್ನ ಎರಡನೆಯ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ತವರು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಹತ್ತಿರ. ಗಂಡನ ಮನೆ ಸೊರಬ ತಾಲ್ಲೂಕಿನಲ್ಲಿ, ಆನವಟ್ಟಿಯಿಂದ ಗಾಡಿ ಕಟ್ಟಿಕೊಂಡು ಹೋಗಬೇಕಾದ ಹಳ್ಳಿ. ಅಮ್ಮನಿಗೆ ಹುಷಾರಿಲ್ಲದ್ದರಿಂದ ಬಾಣಂತನವನ್ನು ತಾವೇ ಮಾಡುತ್ತೇನೆಂದು ಅತ್ತೆ ಹೇಳಿದರು. ಐವತ್ತರ ದಶಕದ ಕೊನೆಯ ವರ್ಷಗಳು ಅವು. ಮಾವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಮಾವನ ಹೆಸರಿನಲ್ಲಿ ಒಂದು ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ, ಗಜವೆಂಬ ಉದ್ದನೆಯ ಸರಳಿನಿಂದ ಜಡಿದು ಹೊಡೆಯುವ ಹಳೆಯ ಕೇಪಿನ ಕೋವಿ. ಗದ್ದೆಗೆ ಹಂದಿ ನುಗ್ಗದಂತೆ ಕಾಯಲು ಸರ್ಕಾರ ಅದಕ್ಕೆ ಲೈಸನ್ಸು ಕೊಟ್ಟಿತ್ತು. ಕೀಲುನೋವು ಬಂದು ಮಾವ ಕೂತಲ್ಲೇ ಆದ ಮೇಲೆ ಅದನ್ನು ಹೊಡೆಯುತ್ತಿದ್ದವರು ಅತ್ತೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬದುವಿನ ಮೇಲೆ ನಿಂತು, ಆಕಾಶಕ್ಕೆ ಒಂದು ಗುಂಡು ಹಾರಿಸಿ, ಏನೂ ಆಗದವರಂತೆ ಬಂದು ರೊಟ್ಟಿ ತಟ್ಟಲು ಕೂರುತ್ತಿದ್ದರು. ನನ್ನ ಯಜಮಾನರು ಮಾತ್ರ ಅವರು ಕೋವಿ ಎತ್ತುವ ಮೊದಲೇ ಕಿವಿ ಮುಚ್ಚಿಕೊಂಡು ನಿಂತಿರುತ್ತಿದ್ದರು.

ಲೈಸನ್ಸು ಇದ್ದವರು ಸತ್ತರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಅತ್ತೆಗೆ ಅದು ಗೊತ್ತಿರಲಿಲ್ಲವೆಂದಲ್ಲ. “ಯಜಮಾನ್ರು ಹೋದ್ರು ಅಂತ ಹಂದಿಗೆ ಯಾರು ಹೇಳ್ತಾರೆ?” ಎನ್ನುತ್ತಿದ್ದರು. ಭತ್ತ ಹಾಲುಗಟ್ಟುವ ಹೊತ್ತು ಅದು. ಕೋವಿ ಕೊಟ್ಟರೆ ಬೆಳೆ ಹೋಯಿತೆಂದೇ ಅವರ ಲೆಕ್ಕ.

ಒಂದು ಬೆಳಿಗ್ಗೆ ಓಣಿಯ ತುದಿಯಲ್ಲಿ ಪೊಲೀಸ್ ಠಾಣೆಯ ದಫೇದಾರರ ಸೈಕಲ್ಲು ಕಾಣಿಸಿತು. ಅತ್ತೆ ಓಡುತ್ತಾ ನನ್ನ ಕೋಣೆಗೆ ಬಂದರು. ನಾನು ತಲೆಗೆ ಬಟ್ಟೆ ಸುತ್ತಿಕೊಂಡು ಮಂಚದ ಮೇಲಿದ್ದೆ, ಕೂಸು ತೊಟ್ಟಿಲಲ್ಲಿತ್ತು. ಮಂಚದ ಕೆಳಗೆ ಬಾಣಂತಿಗೆ ಕಾವು ಕೊಡಲು ಇಟ್ಟ ಕೆಂಡದ ಮಡಕೆ.

“ಸ್ವಲ್ಪ ಸರಿ ಮಾರಾಯ್ತಿ,” ಎಂದು ಹಾಸಿಗೆಯಡಿ ಕೋವಿ ತೂರಿಸಿದರು.

“ಅತ್ತೀ, ಮದ್ದು ತುಂಬೈತೇನ್ರೀ ಇದರಾಗ?”

“ನೆನಪಿಲ್ಲ. ಸುಮ್ನೆ ಮಲಗು,” ಎಂದು ಬಾಗಿಲು ಎಳೆದುಕೊಂಡು ಹೋದರು.

ಹೊರಗಿನ ಮಾತೆಲ್ಲ ನನಗೆ ಕೇಳಿಸುತ್ತಿತ್ತು.

“ಯಜಮಾನ್ರ ಕೋವಿ ಎಲ್ಲದೆ ಅಮ್ಮಾ?” ದಫೇದಾರರ ದನಿ.

“ಎಂತ ಕೋವಿ? ಅವ್ರ ಜೊತೆಗೇ ಹೋತು.”

“ಮೊನ್ನೆ ಗದ್ದೆ ಕಡೆ ಸದ್ದು ಕೇಳ್ತು ಅಂತಾರಲ್ರೀ.”

“ಗುಡುಗಿರ್ಬೋದು.”

ದಫೇದಾರರು ಅಟ್ಟ ಹತ್ತಿ ಇಳಿದರು, ಕೊಟ್ಟಿಗೆ ನೋಡಿದರು. ಕೊನೆಗೆ ಹೆಜ್ಜೆಯ ಸದ್ದು ನನ್ನ ಬಾಗಿಲ ಮುಂದೆ ನಿಂತಿತು.

“ಬಾಣಂತಿ ಅದಾಳೆ. ಗಂಡಸ್ರು ಹೋಗೋ ಹಂಗಿಲ್ಲ,” ಎಂದರು ಅತ್ತೆ.

“ಗೊತ್ತದೆ ಅಮ್ಮಾ, ನಮ್ಮನೇಲೂ ಹೆಣ್ಮಕ್ಕಳಿದಾರೆ,” ಎಂದು ಅವರು ಜಗಲಿಗೆ ಹೋಗಿ ಕುಡಿಯಲು ನೀರು ಕೇಳಿದರು.

ಅಷ್ಟಕ್ಕೇ ನಾನು ಸುಮ್ಮನಿದ್ದರೆ ಅವರು ಹೊರಟುಹೋಗುತ್ತಿದ್ದರೋ ಏನೋ. ಆದರೆ ನನ್ನ ಬೆನ್ನ ಕೆಳಗೆ ಕೋವಿ, ಅದರ ಕೆಳಗೆ ಕೆಂಡ, ಪಕ್ಕದಲ್ಲಿ ಕೂಸು. ನನಗೆ ಅತ್ತೆಯ ಭಯವೂ ಉಳಿಯಲಿಲ್ಲ, ಪೊಲೀಸರ ಭಯವೂ ಉಳಿಯಲಿಲ್ಲ. ಎದ್ದು, ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಾಣಂತಿ ದಾಟಬಾರದ ಹೊಸಿಲು ದಾಟಿ ಜಗಲಿಗೆ ಬಂದೆ.

“ತೊಗೊಳ್ರಿ ಇದನ್ನ. ನನ್ನ ಕೂಸಿನ ಹತ್ರ ಇದು ಬ್ಯಾಡ.”

ದಫೇದಾರರ ಕೈಯಲ್ಲಿದ್ದ ಚೊಂಬು ಉರುಳಿತು. “ತಂಗೀ, ಮೊದ್ಲು ನಳಿಗೆ ಆ ಕಡೆ ತಿರುಗ್ಸು!” ಎಂದು ಕಂಬದ ಮರೆಗೆ ಸರಿದರು. ಆಮೇಲೆ ಹುಷಾರಾಗಿ ಇಸಿದುಕೊಂಡು ಹಿತ್ತಲಿಗೆ ಒಯ್ದರು. ನಳಿಗೆಯಿಂದ ಚರೆಯೂ ಬಂತು, ಮದ್ದೂ ಬಂತು. ಅದನ್ನು ಕಂಡು ಅತ್ತೆ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡರು.

ದಫೇದಾರರು ಬೈಯಲಿಲ್ಲ. “ತಾವಾಗೇ ತಂದು ಒಪ್ಪಿಸಿದ್ರು ಅಂತ ಬರೀತೀನಿ. ಅದು ಸುಳ್ಳೂ ಅಲ್ಲವಲ್ಲ,” ಎಂದು ನನ್ನತ್ತ ನೋಡಿ ನಕ್ಕರು. “ಕೋವಿ ಬೇಕು ಅಂದ್ರೆ ಸೊರಬಕ್ಕೆ ಹೋಗಿ ತಾಲ್ಲೂಕು ಕಚೇರೀಲಿ ಅಮಲ್ದಾರರ ಹತ್ರ ಅರ್ಜಿ ಕೊಡ್ರಿ. ಬಚ್ಚಿಟ್ಕೊಂಡು ಎಷ್ಟು ದಿನ ಹೊಡೀತೀರಿ?”

ಆಮೇಲೆ ಕೆಲವು ದಿನ ಅತ್ತೆ ನನ್ನೊಡನೆ ಮಾತಾಡಲಿಲ್ಲ. ಎಣ್ಣೆ ಹಚ್ಚುತ್ತಿದ್ದರು, ಬಿಸಿನೀರು ಹುಯ್ಯುತ್ತಿದ್ದರು, ಮೆಣಸಿನ ಸಾರು ಅನ್ನ ತಂದಿಡುತ್ತಿದ್ದರು, ಅಷ್ಟೆ. ಗದ್ದೆಯಲ್ಲಿ ನನ್ನ ಯಜಮಾನರು ಡಬ್ಬ ಬಡಿದು ಕಾದರು. ಒಂದು ಮೂಲೆಯ ಭತ್ತ ಹಂದಿಯ ಪಾಲಾಯಿತು, ಉಳಿದದ್ದು ಮನೆಗೆ ಬಂತು. ಅದೇ ಸಮಾಧಾನಕ್ಕೋ ಏನೋ, ಒಂದು ದಿನ ನೀರು ಹುಯ್ಯುತ್ತಾ ಅತ್ತೆಯೇ ಬಾಯಿಬಿಟ್ಟರು: “ಬಾಣಂತನ ಮುಗೀಲಿ. ಸೊರಬಕ್ಕೆ ಹೋಗಾಣ. ನೀನೂ ಬಾ, ನಿಂದು ಬಾಯಿ ಜೋರು.”

ಕೂಸನ್ನು ಎತ್ತಿಕೊಂಡು ಇಬ್ಬರೂ ಹೋದೆವು. ಅಮಲ್ದಾರರು ಕನ್ನಡಕದ ಮೇಲಿನಿಂದ ಅತ್ತೆಯನ್ನು ನೋಡಿದರು.

“ಮಗನ ಹೆಸರಿಗೆ ಮಾಡಿಸಬಹುದಲ್ಲಮ್ಮ?”

“ಅವ್ನಿಗೆ ಪಟಾಕಿ ಹಚ್ಚಕ್ಕೂ ಧೈರ್ಯ ಇಲ್ಲ ಸ್ವಾಮಿ.”

“ನಿಮಗೆ ಹೊಡೆಯೋಕೆ ಬರುತ್ತಾ?”

ಹೌದೆಂದರೆ ಲೈಸನ್ಸಿಲ್ಲದೆ ಹೊಡೆದ ತಪ್ಪು, ಇಲ್ಲವೆಂದರೆ ಕೋವಿ ಇಲ್ಲ. ಅತ್ತೆ ನನ್ನ ಮುಖ ನೋಡಿದರು. “ಬರ್ತೈತ್ರಿ. ಮಾವ ಇದ್ದಾಗ ಪಕ್ಕದಾಗ ಕುಂತು ಹೇಳಿಕೊಟ್ಟಾರ್ರಿ,” ಎಂದೆ.

“ಎಷ್ಟು ಹಂದಿ ಹೊಡೆದಿದ್ದೀರಿ?”

“ಒಂದೂ ಇಲ್ಲ ಸ್ವಾಮಿ. ಓಡ್ಸಿದೀನಿ ಅಷ್ಟೆ,” ಎಂದರು ಅತ್ತೆ.

ಅಮಲ್ದಾರರು ಜೋರಾಗಿ ನಕ್ಕರು. “ಲೈಸನ್ಸು ಕೊಡೋದೂ ಅಷ್ಟಕ್ಕೇ ಅಮ್ಮ.”

ಅರ್ಜಿ ಶಿವಮೊಗ್ಗಕ್ಕೆ ಹೋಗಿ ಬಂತು. ದಫೇದಾರರು ನಮ್ಮ ಪರವಾಗಿಯೇ ಬರೆದಿದ್ದರಂತೆ. ಮುಂದಿನ ಬೆಳೆಯ ಹೊತ್ತಿಗೆ ಅತ್ತೆಯ ಹೆಸರಿನ ಲೈಸನ್ಸು ಕೈಗೆ ಸಿಕ್ಕಿ, ಕೋವಿ ಮನೆಗೆ ಬಂತು. ಮದ್ದನ್ನು ಬೇರೆ ಡಬ್ಬಿಯಲ್ಲಿ ಇಡಬೇಕೆಂದು ನಾನು ಹಟ ಹಿಡಿದೆ. ಅತ್ತೆ ಒಪ್ಪಿಕೊಂಡರು.

ಅಲ್ಲಿಂದ ವರ್ಷಕ್ಕೊಮ್ಮೆ ಲೈಸನ್ಸು ಹೊಸದು ಮಾಡಿಸಲು ನಾವಿಬ್ಬರೂ ಸೊರಬಕ್ಕೆ ಹೋಗುವುದು ರೂಢಿಯಾಯಿತು. ಕೋವಿಯನ್ನೂ ತೋರಿಸಬೇಕಿತ್ತು. ಚಾಪೆಯಲ್ಲಿ ಸುತ್ತಿಕೊಂಡು ಹೋಗೋಣವೆಂದರೆ ಅತ್ತೆ ಕೇಳುತ್ತಿರಲಿಲ್ಲ. “ಈಗ್ಯಾಕೆ ಮುಚ್ಚಬೇಕು?” ಎಂದು ಆನವಟ್ಟಿಯಲ್ಲಿ ಅದನ್ನು ಹೆಗಲಿಗೇರಿಸಿಯೇ ಬಸ್ಸು ಹತ್ತುತ್ತಿದ್ದರು. ಜನ ಒತ್ತಿಕೊಂಡು ಕೂತು ಜಾಗ ಬಿಡುತ್ತಿದ್ದರು. ಕಚೇರಿಯ ಕೆಲಸ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ದೋಸೆ, ಕಾಫಿ. ಮಕ್ಕಳನ್ನು ಯಜಮಾನರಿಗೆ ಒಪ್ಪಿಸಿ ಬಂದಿರುತ್ತಿದ್ದುದರಿಂದ ಅವಸರವಿರಲಿಲ್ಲ. ಕೋವಿಯನ್ನು ಗೋಡೆಗೆ ಆನಿಸಿ ಅತ್ತೆ ಇನ್ನೊಂದು ದೋಸೆ ಹೇಳುತ್ತಿದ್ದರು.