ಎರವಲು ತಂದ ಅಳು

ಬುರುಲ್ಚಾಳ ಕಾಲು ಒಂದು ಕಡೆ ನಿಂತದ್ದೇ ಇಲ್ಲ. ಬಿಶ್ಕೆಕ್‌ನ ಹೊಲಿಗೆ ಕಾರ್ಖಾನೆಯಲ್ಲಿ ಜಾಕೆಟ್ಟುಗಳಿಗೆ ತೋಳು ಕೂಡಿಸುವಾಗಲೂ ಅವಳ ಎಡಗಾಲು ತಾಳ ಹಾಕುತ್ತಲೇ ಇರುತ್ತಿತ್ತು. ಪಕ್ಕದ ಹೆಂಗಸರು ಬೈದು ಬೈದು ಸಾಕಾಗಿ ಬಿಟ್ಟುಬಿಟ್ಟಿದ್ದರು. ಕೆಲಸ ಮುಗಿದದ್ದೇ ತಡ, ಮಿರ್ಲಾನ್‌ನ ಗ್ಯಾರೇಜಿಗೆ ಓಟ. ಅಲ್ಲಿ ಅವನ ಗಿಟಾರು, ಒಬ್ಬ ಡ್ರಮ್ಮಿನವನು, ನಡುವೆ ಮೂರು ತಂತಿಯ ಕೊಮುಜ್ ಹಿಡಿದು ಇವಳು. ಅಜ್ಜಿಯರ ಹಾಡುಗಳನ್ನು ಉಲ್ಟಾಪಲ್ಟಾ ಮಾಡಿ ಹೊಸ ಹುಡುಗರ ಕಿವಿಗೆ ಹಾಕುವುದು ಈ ಮೂವರ ಹುಚ್ಚು.

ಆದರೆ ಹೆಸರು ತಂದುಕೊಟ್ಟದ್ದು ಒಂದೇ ಹಾಡು, ಅದೂ ಕೊಶೋಕ್. ಸಾವಿನ ಮನೆಯಲ್ಲಿ ಹೆಂಗಸರು ಗೋಡೆಗೆ ಮುಖ ಮಾಡಿ ಕೂತು, ಹಾಡಿಕೊಂಡು ಅಳುವ ಅಳು. ಅವಳ ಅಪ್ಪ ಅಸಾಂಕುಲ್ ತೀರಿಕೊಂಡಾಗ ಸೋದರತ್ತೆ ಅಸಿಲ್ಕಾನ್ ಅತ್ತದ್ದು ಅದು. ಬುರುಲ್ಚಾ ಆಗ ಮಾಸ್ಕೋದಲ್ಲಿ ಹೋಟೆಲಿನ ಪಾತ್ರೆ ತೊಳೆಯುತ್ತಿದ್ದಳು. ತನ್ನೂರು ಅಟ್-ಬಾಶಿಯ ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹೆಂಗಸರು ಸರಿದು ಜಾಗ ಕೊಟ್ಟರು. ಗೋಡೆ ಕಡೆ ತಿರುಗಿ ಕೂತಳು, ಬಾಯಿ ತೆರೆದಳು. ಉಸಿರು ಬಂತೇ ಹೊರತು ದನಿ ಬರಲಿಲ್ಲ. ಹೊರಗೆ ಅವಳ ತಮ್ಮ ಝೊಲ್ದೋಶ್, ಗಂಡುಮಕ್ಕಳು ನಿಲ್ಲಬೇಕಾದ ಹಾಗೆ, ಕೋಲಿನ ಮೇಲೆ ಬಗ್ಗಿ ನಿಂತು ಅಪ್ಪನನ್ನು ಕೂಗುತ್ತಿದ್ದ. ಒಳಗಿಂದ ಅಕ್ಕನ ದನಿ ಬಂದು ಸೇರಬೇಕು, ಬರಲೇ ಇಲ್ಲ. ಊರು ಬಾಯಿ ಮುಚ್ಚಿಕೊಂಡಿರುತ್ತದೆಯೇ? ಮಗಳ ಅಳು ಕೇಳದೆ ಅಪ್ಪ ಹೋದ ಎಂದು ಆಡಿಕೊಂಡಿತು.

ಅಪ್ಪನ ವರ್ಷದ ಊಟದ ದಿನ ಅತ್ತೆ ಮತ್ತೆ ಹಾಡಿದಾಗ ಬುರುಲ್ಚಾ ಅದನ್ನು ಫೋನಿನಲ್ಲಿ ತುಂಬಿಕೊಂಡಳು. ಕೇಳಿ ಕೇಳಿ ಬಾಯಿಪಾಠ ಮಾಡಿದಳು. ಮಿರ್ಲಾನ್ ಅದಕ್ಕೆ ಡ್ರಮ್ಮು ಕೂಡಿಸಿದ. ಕೇಳುವವರಿಗೆ ಅಸಾಂಕುಲ್ ಯಾರೆಂದು ಏನು ಗೊತ್ತು ಎಂದು ಹೆಸರನ್ನು ಕತ್ತರಿಸಿ ಹಾಕಿದ. 'ನನ್ನ ಬೆನ್ನಿಗೆ ಬಿದ್ದ ತಮ್ಮಾ, ಯಾವ ಕಣಿವೆಗೆ ಕುದುರೆ ಬಿಟ್ಟೆ' ಎನ್ನುವುದಷ್ಟೇ ಉಳಿಯಿತು.

ಎಡವಟ್ಟಾದದ್ದು ಇಲ್ಲೇ ನೋಡಿ. ಅತ್ತೆಗೆ ಅಸಾಂಕುಲ್ ತಮ್ಮ, ಅತ್ತೆ ಅಂದಳು. ಅದನ್ನೇ ಬುರುಲ್ಚಾ ಅಂದರೆ ಸತ್ತವನು ಬೇರೆಯಾಗುತ್ತಾನೆ. ಅವಳಿಗಿದ್ದವನು ಒಬ್ಬನೇ ತಮ್ಮ. ಅವನೋ ಗುಂಡುಕಲ್ಲಿನ ಹಾಗೆ ಬದುಕಿದ್ದ, ಹಿಮದ ದಾರಿಯಲ್ಲಿ ಚೀನಾ ಗಡಿಯವರೆಗೆ ಲಾರಿ ಓಡಿಸುತ್ತಿದ್ದ. ಬಿಶ್ಕೆಕ್‌ನ ಹುಡುಗರು ಕುಣಿದರು, ಶಿಳ್ಳೆ ಹೊಡೆದರು. ಸತ್ತವನು ಯಾರಮ್ಮಾ ಎಂದು ಒಬ್ಬನೂ ಕೇಳಲಿಲ್ಲ.

ಹಾಡಿನ ವಿಡಿಯೋ ಫೋನಿಂದ ಫೋನಿಗೆ ಹಾರಿ ಅಟ್-ಬಾಶಿಯ ಮೇಲಿನ ಹುಲ್ಲುಗಾವಲಿನಲ್ಲಿದ್ದ ಎಸೆನ್ ಮುದುಕನನ್ನು ಮುಟ್ಟಿತು. ಮನೆಮಗಳೇ ತಮ್ಮನಿಗೆ ಅಳುತ್ತಿರುವಾಗ ವಿಚಾರಿಸಿಕೊಂಡು ಕೂರುವ ಜನ ನಾವಲ್ಲ. ದೂರದ ಸಂಬಂಧವಾದರೂ ಮುದುಕ ನಡುಪಟ್ಟಿ ಬಿಗಿದು ಕುದುರೆ ಹತ್ತಿದ. ರಸ್ತೆ ತಿರುವಿನಿಂದಲೇ, ಪದ್ಧತಿಯಂತೆ, 'ಅಯ್ಯೋ ನನ್ನ ಕರುಳೇ' ಎಂದು ದೊಡ್ಡ ದನಿ ತೆಗೆದು ಝೊಲ್ದೋಶ್‌ನ ಗೇಟಿಗೆ ಬಂದ. ಗೇಟು ತೆಗೆದವನು ಝೊಲ್ದೋಶನೇ, ಬಾಯಿ ತುಂಬ ರೊಟ್ಟಿ. ಮುದುಕ ಕುದುರೆಯಿಂದ ಬೀಳುವುದೊಂದು ಬಾಕಿ.

ಊರು ನಕ್ಕಿತು. ಝೊಲ್ದೋಶ್‌ನ ಹೆಂಡತಿ ಕಲೀಪಾ ನಗಲಿಲ್ಲ. ಫೋನು ಮಾಡಿ ಬಾಯಿಗೆ ಬಂದದ್ದೆಲ್ಲ ಅಂದಳು. ಕೊನೆಗೆ ದನಿ ಇಳಿಸಿ, "ಅವರು ಲಾರಿ ಹತ್ತಿದ್ರೆ ವಾಪಸ್ ಬರೋ ತನಕ ನಂಗೆ ತುತ್ತು ಇಳಿಯಲ್ಲ. ಇನ್ನೊಂದು ಸಲ ಅದನ್ನ ಹಾಡಿದ್ರೆ ಈ ಮನೇಲಿ ನಿಂಗೆ ತಮ್ಮ ಇಲ್ಲ ಅಂದ್ಕೋ" ಎಂದಳು. ತಮ್ಮ ಫೋನಿಗೇ ಬರಲಿಲ್ಲ.

ಇತ್ತ ಮಿರ್ಲಾನ್ ಬೇರೆ. ನಾರಿನ್ ಪಟ್ಟಣದಲ್ಲಿ ಕಾರ್ಯಕ್ರಮ ಗೊತ್ತಾಗಿತ್ತು, ಗೋಡೆಗಳಿಗೆ ಅವಳ ಮುಖವೂ ಅಂಟಿತ್ತು. ಆ ಹಾಡಿಲ್ಲದೆ ನಮ್ಮನ್ನು ಯಾರು ಕರೆಯುತ್ತಾರೆ ಎಂಬುದು ಅವನ ಒಂದೇ ಮಾತು. ಬುರುಲ್ಚಾ ಒಂದೇ ಜಾಕೆಟ್ಟಿಗೆ ಎರಡೂ ಎಡತೋಳು ಹೊಲಿದಳು. ಬಿಚ್ಚಲು ಕೂತಳು, ಎದ್ದಳು, ಮತ್ತೆ ಕೂತಳು. ಹಾಡು ಬಿಟ್ಟರೆ ಗ್ಯಾರೇಜು ಹೋಯಿತು, ಹಿಡಿದರೆ ತಮ್ಮ ಹೋದ. ಮರುದಿನ ಊರಿನ ವ್ಯಾನು ಹತ್ತಿದಳು.

ಅಂಗಳದಲ್ಲಿ ಝೊಲ್ದೋಶ್ ಲಾರಿ ಕೆಳಗಿದ್ದ. ಅವಳ ಬೂಟು ನೋಡಿ ಇನ್ನೂ ಒಳಕ್ಕೆ ಸರಿದುಕೊಂಡ. ಕಲೀಪಾ, ಕುಡಿದು ಹೊರಡು ಅನ್ನುವ ಹಾಗೆ, ಬಟ್ಟಲು ತುಳುಕುವಷ್ಟು ಚಹಾ ಸುರಿದಳು. ಒಳಕೋಣೆಯಲ್ಲಿ ಅತ್ತೆ ಉಣ್ಣೆ ಬಿಡಿಸುತ್ತಿದ್ದಳು. ಬುರುಲ್ಚಾ ಕೂರುವ ಮೊದಲೇ ಕೇಳಿದಳು, ತಮ್ಮಾ ಅನ್ನುವಲ್ಲಿ ಅಪ್ಪಾ ಅಂತ ಸೇರಿಸಿದರೆ ಸಾಕಲ್ಲವೇ?

"ನನ್ನ ಅಂಗಿ ತೋಳು ಕಿತ್ತು ಹಾಕ್ಕೊಂಡ್ರೆ ನಿಂಗೆ ಸರಿಹೋಗತ್ತೇನೆ, ದರ್ಜಿ?" ಎಂದಳು ಅತ್ತೆ. "ನನ್ನ ತಮ್ಮಂಗೆ ನಾನು ಅತ್ತಿದ್ದಾಯ್ತು. ನಿಮ್ಮಪ್ಪಂಗೆ ನೀನು ಅತ್ತಿದೀಯಾ?"

"ಇಲ್ಲ."

"ಹಂಗಾದ್ರೆ ಗೋಡೆ ಕಡೆ ತಿರುಗು."

ಈಗೇನು ಅತ್ತೆ, ಎಷ್ಟೋ ವರ್ಷ ಆಯಿತಲ್ಲ ಎಂದು ಬುರುಲ್ಚಾ ರಾಗ ಎಳೆದಳು.

"ಯಾಕೆ, ಅವನು ವಾಪಸ್ ಬಂದ್ನಾ?"

ತಿರುಗಿ ಕೂತಳು. ಬಾಯಿಗೆ ಬಂದದ್ದು ಮತ್ತೆ ಅತ್ತೆಯ ಮಾತೇ. ಅತ್ತೆ ಬೆನ್ನಿಗೊಂದು ಗುದ್ದು ಕೊಟ್ಟಳು. ಬುರುಲ್ಚಾ ಎದ್ದು ಕಿಟಕಿಯವರೆಗೆ ಹೋದಳು, ಬಂದಳು, ಕೂತಳು. ಎಡಗಾಲು ತಾಳ ಹಿಡಿಯಿತು. ಅತ್ತೆ ಉಣ್ಣೆ ಬಿಟ್ಟು, ಆ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದಳು. ಕಾಲು ನಿಂತಿತು. ತಾಳ ಇಲ್ಲದೆ ಅವಳಿಗೆ ಭಯವಾಯಿತು, ಆ ಭಯದಲ್ಲೇ ದನಿ ಒಡೆಯಿತು.

"ಅಪ್ಪಾ, ನೀನು ಫೋನು ಮಾಡಿದಾಗ ನನ್ನ ಕೈಯೆಲ್ಲ ಸೋಪಾಗಿತ್ತು. ಆಮೇಲೆ ಮಾಡ್ತೀನಿ ಅಂದೆ. ಆಮೇಲೆ ಎಲ್ಲಿದೆ ಅಪ್ಪಾ? ನಾನು ಅಸಾಂಕುಲನ ಮಗಳು, ತಡವಾಗಿ ಬಂದೆ..."

ಪ್ರಾಸವಿಲ್ಲ, ರಾಗ ನೆಟ್ಟಗಿಲ್ಲ, ಮಿರ್ಲಾನ್ ಕೇಳಿದ್ದರೆ ಕಿವಿ ಮುಚ್ಚುತ್ತಿದ್ದ. ಆದರೆ ಹೊರಗೆ ಸ್ಪ್ಯಾನರಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಅಂಗಳದಿಂದ ಗಂಡುದನಿಯೊಂದು ಎದ್ದಿತು, "ಅಯ್ಯೋ ನನ್ನಪ್ಪಾ" ಎಂದು. ಕಲೀಪಾ ಏನಾಯಿತೋ ಎಂದು ಓಡಿದಳು. ಗಂಡ ಲಾರಿಯ ಕಬ್ಬಿಣದ ಸರಳನ್ನು ನೆಲಕ್ಕೂರಿ, ಅದರ ಮೇಲೆ ಬಗ್ಗಿ ನಿಂತು ಅಳುತ್ತಿದ್ದ. ಅವಳು ಒಳಗೆ ಬಂದು ಬುರುಲ್ಚಾಳ ಪಕ್ಕ ಗೋಡೆಗೆ ಮುಖ ಮಾಡಿ ಕೂತಳು.

ಅಳು ಮುಗಿಯುವ ಹೊತ್ತಿಗೆ ಮಿರ್ಲಾನ್‌ನ ಫೋನು ಬಂತು. ಆ ಹಾಡು ಅತ್ತೆಯದು, ಇನ್ನು ಹಾಡುವುದಿಲ್ಲ ಎಂದಳು ಬುರುಲ್ಚಾ. ಹಾಗಾದರೆ ನಾರಿನ್‌ನಲ್ಲಿ ಏನು ಹಾಡುತ್ತೀ ಎಂದು ಅವನು ಕಿರುಚಿದ. ಗೊತ್ತಿಲ್ಲ, ನನ್ನದು ಈಗ ಶುರುವಾಗಿದೆ ಎಂದು ಫೋನು ಇಟ್ಟಳು.

ಝೊಲ್ದೋಶ್ ಗ್ರೀಸಿನ ಕೈಯಲ್ಲೇ ಮುಖ ಒರೆಸಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಎಷ್ಟು ವರ್ಷ ನನ್ನೊಬ್ಬನ್ನೇ ಕೂಗೋಕೆ ಬಿಟ್ಟಿದ್ಯಲ್ಲ, ಅಕ್ಕಾ" ಎಂದ.