ಹಡಗು ನಿಲ್ಲದೆ ಹೋದ ಬಂದರು

ಇಳಕಲ್ಲಿನಲ್ಲಿ ಹುಟ್ಟಿ ಬೆಳೆದವರಿಗೆ ಸಮುದ್ರದ ಭಯವಿರುವುದಿಲ್ಲ. ಭಯಪಡುವಷ್ಟು ಅದನ್ನು ನಾವು ಕಂಡಿರುವುದಿಲ್ಲ. ಮಲಪ್ರಭೆ ಉಕ್ಕಿದರೆ ಪಟ್ಟದಕಲ್ಲಿನ ಬಸ್ಸು ನಿಲ್ಲುತ್ತದೆ, ಇಳಿದರೆ ಹೊರಡುತ್ತದೆ. ನೀರಿಗೂ ಪ್ರಯಾಣಕ್ಕೂ ಇರುವ ಸಂಬಂಧದ ಬಗ್ಗೆ ನನಗಿದ್ದ ತಿಳಿವಳಿಕೆ ಇಷ್ಟೇ. ಧಾರವಾಡದಲ್ಲಿ ಎಂ.ಎ. ಮುಗಿಸಿ, ಬಾಗಲಕೋಟೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಹೇಳುತ್ತಿದ್ದ ನಾನು, ಈ ತಿಳಿವಳಿಕೆಯ ಬಲದ ಮೇಲೆಯೇ ನಮ್ಮವ್ವನನ್ನು ಮುಂಬೈಯಿಂದ ಹೊರಡುವ ಕ್ರೂಸ್ ಹಡಗಿಗೆ ಹತ್ತಿಸಿದೆ.

ಅವ್ವನಿಗೆ ವಿಹಾರ ಬೇಕಿರಲಿಲ್ಲ. ಅವಳಿಗೆ ಬೇಕಾಗಿದ್ದವಳು ಕೊಚ್ಚಿಯಲ್ಲಿರುವ ಅವಳ ಅಕ್ಕ, ನನ್ನ ದೊಡ್ಡವ್ವ. ದೊಡ್ಡಪ್ಪ ಅಲ್ಲಿ ನೌಕರಿ ಹಿಡಿದು, ನಿವೃತ್ತಿಯಾದ ಮೇಲೂ ಅಲ್ಲೇ ಉಳಿದವರು. ಗುಡೂರಿನ ತವರಿನಲ್ಲಿ ಸೋದರಮಾವ ತೀರಿಕೊಂಡ ಮೇಲೆ ದೊಡ್ಡವ್ವನ ಉಡಿ ತುಂಬಲು ಅವ್ವನೊಬ್ಬಳೇ ಉಳಿದಿದ್ದಳು. ನಮ್ಮ ಕಡೆ ಮಗಳು ಸೆರಗೊಡ್ಡಿ ಕುಳಿತಾಗ ಅದರೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಖಣ ಹಾಕುವ ಕೈ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಅವಳಿಗೆ ತವರಿದೆ ಎಂದು ಲೆಕ್ಕ. ಎರಡೂ ಮೊಣಕಾಲುಗಳ ಶಸ್ತ್ರಚಿಕಿತ್ಸೆಯಾದ ಮೇಲೆ ದೊಡ್ಡವ್ವ ದೂರದ ಪ್ರಯಾಣವನ್ನೇ ಬಿಟ್ಟಿದ್ದಳು. ವರ್ಷಗಟ್ಟಲೆ ಅವಳ ಉಡಿ ತುಂಬಿರಲಿಲ್ಲ. ಒಮ್ಮೆ ಫೋನಿನಲ್ಲಿ ಅವಳು, “ಬರೇ ಉಡೀಲೆ ಹೋಗ್ತೇನೇನೋ ತಂಗಿ” ಎಂದಿದ್ದನ್ನು ಅವ್ವ ಮರೆತಿರಲಿಲ್ಲ.

“ಹುಬ್ಬಳ್ಳಿಗೆ ಹೋಗಿ ರೈಲು ಹತ್ತಿದ್ರ ಮುಗೀತಲ್ಲ. ಹಡಗ ಯಾಕ ಬೇಕು ನಮಗ?” ಎಂದಳು ಅವ್ವ.

“ಜೀವಮಾನದಾಗ ಒಮ್ಮೆರ ಸಮುದ್ರ ನೋಡಬೇ. ಮೂರನೇ ದಿನ ಮುಂಜಾನಿಯಿಂದ ಸಂಜಿತನಕ ಹಡಗ ಕೊಚ್ಚಿಯೊಳಗ ನಿಂದರತೈತಿ. ದೊಡ್ಡವ್ವ ಬಂದರದ ಗೇಟಿನತನಕ ಬರ್ತಾಳ. ಉಡಿ ತುಂಬು, ಮನಸಾರೆ ಮಾತಾಡು, ಮತ್ತ ಬಂದು ಹತ್ತು.”

“ಡ್ರೈವರ ನಮ್ಮನ್ನ ಬಿಟ್ಟು ಹೋದ್ರ?”

“ಡ್ರೈವರ ಅಲ್ಲಬೇ, ಕ್ಯಾಪ್ಟನ್.”

“ಯಾರರ ಇರಲಿ. ಬಿಟ್ಟು ಹೋದ್ರ?”

ನಾವಿಬ್ಬರೂ ಕಲ್ಪಿಸಿಕೊಳ್ಳಬಲ್ಲ ಅತಿ ಕೆಟ್ಟ ಸಂಗತಿ ಇದೊಂದೇ ಆಗಿತ್ತು: ಹಡಗು ನಮ್ಮನ್ನು ಬಿಟ್ಟು ಹೊರಡುವುದು. ನಿಲ್ಲಬೇಕಾದ ಊರಿನಲ್ಲಿ ಅದು ನಿಲ್ಲದೇ ಹೋಗಬಹುದೆಂಬುದು ಬಸ್ಸಿನ ಊರಿನವರಾದ ನಮಗೆ ಹೊಳೆಯಲೇ ಇಲ್ಲ.

ಮುಂಬೈಯ ತಪಾಸಣೆಯಲ್ಲಿ ನಮ್ಮ ಕಟಕ ರೊಟ್ಟಿ, ಶೇಂಗಾ ಚಟ್ನಿಯನ್ನು ಕಿತ್ತುಕೊಂಡರು. ಉಡಿಯ ಅಕ್ಕಿಯನ್ನು ಕಿತ್ತುಕೊಳ್ಳಲು ಹೊರಟಾಗ ಅವ್ವ ಚೀಲವನ್ನು ಎರಡೂ ಕೈಯಿಂದ ಅವುಚಿಕೊಂಡಳು. ನಮ್ಮ ಹಿಂದೆ ನಿಂತಿದ್ದ ಹಿರಿಯರೊಬ್ಬರು ಸೊಗಸಾದ ಹಿಂದಿಯಲ್ಲಿ, ಅದು ಪೂಜೆಯ ಸಾಮಾನು, ತಿನ್ನುವುದಲ್ಲ ಎಂದು ಕಾವಲುಗಾರನನ್ನು ಒಪ್ಪಿಸಿದರು. ಅವರು ಹುನಗುಂದದ ಸೀರೆ ವ್ಯಾಪಾರಿ. ಮಗಳು ಕಳಿಸಿದ ಟಿಕೆಟ್ಟಿನಲ್ಲಿ ಹೆಂಡತಿಯೊಡನೆ ಹೊರಟಿದ್ದರು; ಹಜ್ ಯಾತ್ರೆ ಬಿಟ್ಟರೆ ಇಷ್ಟು ದೂರ ಬಂದದ್ದು ಇದೇ ಮೊದಲು. ನಮ್ಮ ಊರು ಕೇಳಿ ನಿಟ್ಟುಸಿರುಬಿಟ್ಟರು.

“ಇಳಕಲ್ಲಾ? ಅಲ್ರೀ ಅಕ್ಕಾರ, ವ್ಯಾಪಾರ ಮರೀಲಿ ಅಂತ ಮಗಳು ಸಮುದ್ರಕ್ಕ ಕಳಿಸ್ಯಾಳ. ಇಲ್ಲೂ ಇಳಕಲ್ಲ ಸೀರೀನ ಮುಂದ ನಿಂತೈತಲ್ಲ.”

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ಪ್ರಯಾಣದಲ್ಲಿ ಅವಳು ನಕ್ಕದ್ದು ಅದೊಂದೇ ಸಲ ಎಂದು ನೆನಪು.

ಮೊದಲ ಸಂಜೆ ಸಮುದ್ರ ಸುಮ್ಮನಿತ್ತು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತು. ಈಜುಕೊಳದ ನೀರು ಬಸಿದು ಮೇಲೆ ಬಲೆ ಬಿಗಿದರು. ನಡುಮನೆಯಷ್ಟು ಅಗಲದ ಮೊಗಸಾಲೆಗಳಲ್ಲಿ, ಕೈಹಿಡಿಯುವ ಕಂಬಿಯುದ್ದಕ್ಕೂ ಕಾಗದದ ಚೀಲಗಳನ್ನು ಸಿಕ್ಕಿಸುತ್ತ ಸಿಬ್ಬಂದಿ ಮಾತಿಲ್ಲದೆ ನಡೆದುಹೋದರು. ಅವು ವಾಂತಿಗೆಂದು ಯಾರೂ ಹೇಳಬೇಕಾಗಲಿಲ್ಲ. ಸಂಜೆಯೊಳಗೆ ಅರ್ಧ ಖಾಲಿಯಾಗಿದ್ದವು. ಊಟದ ಕೋಣೆಯ ಬಾಗಿಲಲ್ಲಿ ಹಸಿರು ಸೇಬು ಮತ್ತು ಶುಂಠಿಯ ಚೂರುಗಳನ್ನಿಟ್ಟಿದ್ದರು. ಒಳಗೆ ತಟ್ಟೆಗಳು ಮೇಜಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಸರಿಯುತ್ತಿದ್ದರೆ, ವೇದಿಕೆಯ ಮೇಲೊಬ್ಬ ಕೋಟು ತೊಟ್ಟು, ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದರಲ್ಲಿ ಮೈಕು ಹಿಡಿದು ತಂಬೋಲಾ ಅಂಕಿಗಳನ್ನು ಕೂಗುತ್ತಿದ್ದ. ಕುರ್ಚಿಗಳಲ್ಲಿ ಕೂತಿದ್ದವರು ಹತ್ತು ಮಂದಿಯೂ ಇರಲಿಲ್ಲ. ಆನಂದವನ್ನು ಕಾರ್ಯಕ್ರಮಪಟ್ಟಿಯಲ್ಲಿ ಅಚ್ಚು ಹಾಕಿದವರಿಗೆ ಅದನ್ನು ನಿಲ್ಲಿಸುವ ಅಧಿಕಾರ ಮಾತ್ರ ಯಾರಿಗಿದೆಯೆಂದು ಗೊತ್ತಿರಲಿಲ್ಲ.

ಮೂರನೆಯ ದಿನ ನಸುಕಿನಲ್ಲೇ ಅವ್ವ ಎದ್ದು, ಓಲಾಡುವ ಬಚ್ಚಲಲ್ಲಿ ಗೋಡೆ ಹಿಡಿದು ಮಿಂದಳು. ಚಿಕ್ಕಪರಾಸ ಅಂಚಿನ ಕೆಂಪು ಸೆರಗಿನ ಸೀರೆಯುಟ್ಟು, ಉಡಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಳು. ಆದರೆ ಕೊರಳ ಕರಡಿಗೆಯನ್ನು ಬಿಚ್ಚಲಿಲ್ಲ. ದಿನವೂ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅವಳು ನೀರನ್ನೂ ಮುಟ್ಟುವವಳಲ್ಲ.

“ಪೂಜಿ ಮಾಡ್ಕೋ. ಚಹಾರ ಕುಡದೀಯಂತ” ಎಂದೆ.

“ಕೈ ನಿಂದರವಲ್ದು. ಲಿಂಗ ಜಾರಿ ಬಿದ್ದೀತು. ಈಗೇನು ಕೊಚ್ಚಿ ಬರತೈತಿ, ನೆಲಕ್ಕ ಇಳದು ಅಕ್ಕನ ಎದುರಿಗೇನ ಮಾಡ್ತೇನಿ.”

ಎಂಟು ಗಂಟೆಗೆ ಧ್ವನಿವರ್ಧಕ ಗುಂಯ್‌ಗುಟ್ಟಿತು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ, ಚಂಡಮಾರುತದ ಕಾರಣ ಬಂದರು ಮುಚ್ಚಿದೆಯೆಂದೂ, ಪ್ರಯಾಣಿಕರ ಸುರಕ್ಷತೆಗಾಗಿ ಹಡಗು ಕೊಚ್ಚಿಯನ್ನು ಬಿಟ್ಟು ಪಶ್ಚಿಮಕ್ಕೆ ತಿರುಗುತ್ತಿದೆಯೆಂದೂ, ಹಡಗಿನಲ್ಲೇ ಇನ್ನೊಂದು ಸುಂದರ ದಿನವನ್ನು ಆನಂದಿಸಬೇಕೆಂದೂ ಒಂದು ಪ್ರಸನ್ನ ಸ್ವರ ಹೇಳಿತು.

“ಕೊಚ್ಚಿಯೊಳಗ ನಿಂದ್ರಂಗಿಲ್ಲಂತಬೇ.”

“ಎಷ್ಟೊತ್ತಿಗಿ ನಿಂದರತೈತಂತ?”

“ನಿಂದ್ರಂಗಿಲ್ಲಂತ.”

ಅವಳು ಕಿಟಕಿಯ ಕಡೆ ನೋಡಿದಳು. ಗಾಜಿನ ಮೇಲೆ ನೀರು ಏರಿ ಇಳಿಯುತ್ತಿತ್ತು. “ನಿಮ್ಮ ದೊಡ್ಡವ್ವ ಮನಿ ಬಿಟ್ಟಿರತಾಳ” ಎಂದಳು.

ಫೋನಿಗೆ ಸಿಗ್ನಲ್ ಇರಲಿಲ್ಲ. ಹಡಗಿನ ಇಂಟರ್ನೆಟ್ಟು ಬಿರುಗಾಳಿಯಲ್ಲಿ ಕಡಿದಿತ್ತು. ಸ್ವಾಗತದ ಮೇಜಿನೆದುರು ಸರದಿ ಬೆಳೆದಿತ್ತು. ಅದರ ನಡುವೆ ಹುನಗುಂದದ ವ್ಯಾಪಾರಿ ಕಂಬ ಅಪ್ಪಿಕೊಂಡು ನಿಂತಿದ್ದರು. ಅವ್ವ ನನ್ನ ತೋಳು ಹಿಡಿದಿದ್ದಳು.

“ಆ ಕ್ಯಾಪ್ಟನ್‌ಗ ಹೇಳು. ಮೊಣಕಾಲಿಲ್ಲದ ಹೆಣ್ಣಮಗಳು ಬಂದು ಕುಂತಾಳ, ಹತ್ತು ಮಿನಿಟ ನಿಂದರಸಂತ ಹೇಳು.”

“ಕೇಳಂಗಿಲ್ರೀ ಅಕ್ಕಾರ,” ಎಂದರು ವ್ಯಾಪಾರಿ. “ಬಾದಾಮಿ ಬಸ್ ದಾರಿಯಾಗ ಕೆಟ್ಟು ನಿಂತಿದ್ರ ನಾವ ಇಳದು ಕಂಡಕ್ಟರ್‌ನ ಬೈತಿದ್ವಿ. ಇಲ್ಲಿ ಬೈಯಾಕೂ ಇಂಗ್ಲಿಷ್ ಬೇಕು. ಬೈರಿ ಮೇಡಂ, ನಮ್ಮದೂ ಸೇರಿಸಿ ಬೈರಿ.”

ನಾನು ಬೈದೆ. ವಿಶ್ವವಿದ್ಯಾಲಯದ ಚರ್ಚಾಕೂಟಗಳಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಖರ್ಚು ಮಾಡಿದೆ. ದಡದಲ್ಲಿ ಕಾಯುತ್ತಿರುವವರಿಗೆ ಯಾರು ಹೇಳುತ್ತಾರೆ? ಹಡಗಿಗೆ ಬಂದರಿನೊಡನೆ ಮಾತಾಡುವ ಯಂತ್ರವಿದೆಯಲ್ಲವೇ? ಗೇಟಿನ ಕಾವಲುಗಾರನಿಗೊಂದು ಮಾತು ತಿಳಿಸಲಾಗದೇ? ಮೇಜಿನ ಹಿಂದಿದ್ದ ಹುಡುಗಿಯ ಮುಖವೂ ಬಿಳಿಚಿಕೊಂಡಿತ್ತು. ನಾನು ಮಾತಾಡುವಾಗ ಎರಡು ಸಲ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಆ ಯಂತ್ರ ತುರ್ತಿಗೆ ಮಾತ್ರ, ನಿಮ್ಮವರಿಗೆ ಯಾರಿಗಾದರೂ ಜೀವಾಪಾಯವಿದೆಯೇ ಎಂದು ಕೇಳಿದಳು. ನಾನು ಇಲ್ಲವೆಂದೆ. ಅವಳು ಒಂದು ಹಸಿರು ಸೇಬನ್ನೂ, ಮಾಲೀಸು ಕೊಠಡಿಯ ರಿಯಾಯಿತಿ ಚೀಟಿಯನ್ನೂ ಮೇಜಿನ ಮೇಲೆ ಸರಿಸಿದಳು. ಉತ್ತರ ಕೊಡಬೇಕಾದವರು ನಮ್ಮ ಕೈಗೆ ಎಟುಕದಷ್ಟು ಮೇಲಿನ ಅಂತಸ್ತುಗಳಲ್ಲಿರುತ್ತಾರೆ. ಬೈಗುಳ ತಿನ್ನುವವರನ್ನು ಮಾತ್ರ ಕೆಳಗೆ ಕೂರಿಸಿರುತ್ತಾರೆ. ಇದನ್ನು ತಿಳಿದೂ ಬೈದೆನೆಂಬ ನಾಚಿಕೆ ನನಗೆ ಇವತ್ತಿಗೂ ಇದೆ.

ಅವ್ವ ಆ ಸೇಬನ್ನು ಮುಟ್ಟಲಿಲ್ಲ. ಸಂಜೆಯವರೆಗೂ ಹನಿ ನೀರು ಕುಡಿಯಲಿಲ್ಲ. ತುಟಿಗಳು ಒಣಗಿ ಬಿಳಿಯಾದಾಗ ನಾನು ಅವಳನ್ನು ಕೋಣೆಯ ನೆಲದ ಮೇಲೆ, ಮಂಚಕ್ಕೂ ಕಪಾಟಿಗೂ ನಡುವಿನ ಸಂದಿಯಲ್ಲಿ, ದಿಂಬುಗಳನ್ನು ಇಬ್ಬದಿಗೂ ತುರುಕಿ ಕೂರಿಸಿದೆ. ಎದುರಿಗೆ ಮಂಡಿಯೂರಿ ಅವಳ ಎಡ ಮೊಣಕೈಯನ್ನು ನನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡೆ. ಅವಳು ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ನೆಲ ಏಳುತ್ತಿತ್ತು, ಇಳಿಯುತ್ತಿತ್ತು. ವಿಭೂತಿ ಧರಿಸಿ ಕಣ್ಣು ನೆಟ್ಟು ಕೂತ ಅವಳ ಕೆನ್ನೆಯ ಮೇಲೆ ನೀರು ಹರಿದಾಗ, ಒರೆಸಲು ನನಗೆ ಕೈ ಬಿಡುವಿರಲಿಲ್ಲ. ಮೇಲಿನ ಅಂತಸ್ತಿನಲ್ಲಿ ಕುಣಿತದ ಸಂಗೀತ ಶುರುವಾಗಿತ್ತು.

ಎರಡು ದಿನ ಹಡಗು ಎಲ್ಲಿಯೂ ಹೋಗದೆ ಚಲಿಸುತ್ತಲೇ ಇತ್ತು. ಮುಂಬೈಗೆ ಮರಳಿದ ಮೇಲೂ, ದಾರಿ ತೋರಿಸುವ ಪೈಲಟ್ ದೋಣಿ ಅಲೆಗಳಲ್ಲಿ ಹತ್ತಿರ ಬರಲಾಗದೆ, ಅರ್ಧ ದಿನ ದೀಪಗಳನ್ನು ನೋಡುತ್ತ ಹೊರಗೇ ನಿಂತೆವು. ಅಲ್ಲಿ ಫೋನಿಗೆ ಜೀವ ಬಂತು. ಅವ್ವ ಕೊಚ್ಚಿಗೆ ಹಚ್ಚಿದಳು. ದೊಡ್ಡವ್ವ ಬೈಯಲಿಲ್ಲ, ಅದೇ ಕಷ್ಟವಾಯಿತು.

“ಎಂಟಕ್ಕ ಬಂದು ಕುಂತೆ ತಂಗಿ. ನಮ್ಮ ಮನಿಯವರು ಬೀಳುವಂಗ ಗಾಳಿ. ಕೊಡಿ ಹರದು ಹೋತು. ನಾಕು ತಾಸು ಆದ ಮ್ಯಾಲ ವಾಚಮನ್ ಬಂದು, ಇವತ್ತ ಯಾವ ಹಡಗೂ ಇಲ್ಲಮ್ಮ, ಮನೀಗೆ ಹೋಗ್ರಿ ಅಂದ. ಆಟೋನೂ ಸಿಗಲಿಲ್ಲ.” ಕೊನೆಗೆ ಹೇಳಿದಳು: “ಸಾಕಾತು. ಇನ್ನ ಬರ್ತೇನಿ ಅಂತ ಹೇಳಬ್ಯಾಡ.”

ಆಮೇಲೆ ಅವ್ವನ ಫೋನನ್ನು ಅವಳು ಎತ್ತಲಿಲ್ಲ. ವಾರಕ್ಕೆರಡು ಸಲ ಮಾತಾಡುತ್ತಿದ್ದ ಅಕ್ಕತಂಗಿಯರು. ಅವ್ವ ದಿನವೂ ಸಂಜೆ ಒಮ್ಮೆ ಹಚ್ಚಿ, ರಿಂಗ್ ಮುಗಿಯುವವರೆಗೆ ಕಿವಿಗೆ ಹಿಡಿದು, ಕೆಳಗಿಡುತ್ತಿದ್ದಳು.

ನಾನು ಕಂಪನಿಗೆ ಪತ್ರ ಬರೆದೆ, ಒಂದಲ್ಲ, ಮೂರು. ಗಾಳಿಯನ್ನು ನಾನು ದೂರಲಿಲ್ಲ. ಮುಚ್ಚಿದ ಬಂದರಿನೊಳಗೆ ಹಡಗು ನುಗ್ಗಿಸಬೇಕಿತ್ತೆಂದು ಯಾವ ವಿವೇಕಿಯೂ ಹೇಳಲಾರ. ನನ್ನ ಪ್ರಶ್ನೆಗಳು ಬೇರೆ: ಚಂಡಮಾರುತದ ಸುದ್ದಿ ನಿಮಗೆ ತಿಳಿದದ್ದು ಯಾವಾಗ? ತಿಳಿದ ಮೇಲೂ ನಮ್ಮನ್ನು ಹತ್ತಿಸಿಕೊಂಡದ್ದು ಏಕೆ? ದಡದಲ್ಲಿ ಕಾಯುವವರ ಲೆಕ್ಕವನ್ನು ಇಡುವವರು ಯಾರು? ಒಂದೂವರೆ ತಿಂಗಳ ಮೇಲೆ ಉತ್ತರ ಬಂತು. ರವಿವಾರ ಇಳಕಲ್ಲಿಗೆ ಹೋದವಳು, ಅವರ ಉದ್ಧಟತನವನ್ನು ಅವ್ವನಿಗೆ ತೋರಿಸಲೆಂದು ಅದನ್ನು ಗಟ್ಟಿಯಾಗಿ ಓದುತ್ತ, ಸಾಲುಸಾಲಾಗಿ ಕನ್ನಡದಲ್ಲಿ ಹೇಳತೊಡಗಿದೆ. ಮೂರನೆಯ ಸಾಲಿಗೆ ಬಂದಾಗ ನನ್ನ ನಾಲಿಗೆ ನಿಂತಿತು.

“ಓದಲ್ಲ, ಯಾಕ ನಿಂತಿ?”

ಓದಿದೆ. ಹವಾಮಾನದಿಂದಾಗಿ ಕೊಚ್ಚಿಯ ತಂಗುವಿಕೆ ಖಚಿತವಲ್ಲವೆಂಬ ಸಂದೇಶವನ್ನು ಹತ್ತುವ ಮೊದಲೇ ತಮ್ಮ ಮೊಬೈಲಿಗೆ ಕಳಿಸಲಾಗಿತ್ತು. ತಾವು ಒಪ್ಪಿಗೆ ಒತ್ತಿ ಪ್ರಯಾಣ ಮುಂದುವರಿಸಿದ್ದೀರಿ.

“ಖರೇನ?”

ನಿಜವಾಗಿತ್ತು. ಮುಂಬೈಯ ಸರದಿಯಲ್ಲಿ, ಅವ್ವ ಸೆರಗಿನ ಮರೆಯಲ್ಲಿ ನಗುತ್ತಿದ್ದಾಗ, ಆ ಸಂದೇಶ ಬಂದಿತ್ತು. ನಾನು ಓದಿದ್ದೆ. ಸಹೋದ್ಯೋಗಿಗಳಿಗೆಲ್ಲ ಹಡಗಿನ ಸುದ್ದಿ ಹೇಳಿಕೊಂಡು ಬಂದಿದ್ದೆ. ಅಲ್ಲಿಂದ ಹಿಂತಿರುಗಿ ಹುಬ್ಬಳ್ಳಿಯ ರೈಲು ಹತ್ತುವ ಅವಮಾನ ನನಗೆ ಬೇಡವಾಗಿತ್ತು. ಖಚಿತವಲ್ಲ ಎಂದರೆ ನಿಲ್ಲಲೂಬಹುದು ಎಂದುಕೊಂಡು ಒತ್ತಿದೆ. ದೊಡ್ಡವ್ವನಿಗೆ ಒಂದು ಕರೆ ಮಾಡಲು ಆಗ ಸಿಗ್ನಲ್ ಬೇಕಾದಷ್ಟಿತ್ತು.

ಅವ್ವ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದಳು. “ಅವರು ನಿನಗ ಹೇಳಿದ್ರು. ನೀ ನನಗ ಹೇಳಲಿಲ್ಲ. ಅಕಿ ನಾನ ಕೆಟ್ಟಾಕಿ ಅಂತ ತಿಳಕೊಂಡು ಕುಂತಾಳ” ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಮೂರು ಕಾಗದ ಬರದಿ. ಮೂರೂ ಅವರಿಗೇನ ಬರದಿ. ಫೋನ್ ಹಚ್ಚು. ನಿನ್ನ ಫೋನಿಂದ ಹಚ್ಚು.”

ನನ್ನ ನಂಬರಾದ್ದರಿಂದ ದೊಡ್ಡವ್ವ ಎತ್ತಿದಳು. ನಾನು ಎಲ್ಲವನ್ನೂ ಹೇಳಿದೆ: ಸಂದೇಶ, ಸರದಿ, ಒತ್ತಿದ ಬೆರಳು. ಅವ್ವನಿಗೆ ಏನೂ ಗೊತ್ತಿರಲಿಲ್ಲವೆಂದೆ.

“ಎಂ.ಎ. ಮಾಡೀಯಲ್ಲ ನೀ?” ಎಂದಳು ದೊಡ್ಡವ್ವ.

“ಹೂಂ, ದೊಡ್ಡವ್ವ.”

“ಹತ್ತ ರೂಪಾಯಿ ಕರೆನ್ಸಿ ಇರಲಿಲ್ಲೇನು ಫೋನಿನಾಗ?”

ಕಂಪನಿಗೆ ನಾಲ್ಕನೆಯ ಪತ್ರವನ್ನು ನಾನು ಆಮೇಲೆ ಬರೆದೆ. ಪ್ರಶ್ನೆಗಳು ಅವೇ ಇವೆ, ಅವುಗಳಲ್ಲಿ ಒಂದನ್ನೂ ಹಿಂತೆಗೆದುಕೊಂಡಿಲ್ಲ. ಆದರೆ ಮೊದಲ ವಾಕ್ಯದಲ್ಲಿ, ಸಂದೇಶ ತಲುಪಿತ್ತು, ಒಪ್ಪಿಗೆ ಒತ್ತಿದವಳು ನಾನು ಎಂದಿದೆ. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ. ಆ ದಿನ ಫೋನಿನಲ್ಲಿ ದೊಡ್ಡವ್ವ ನನ್ನ ಉತ್ತರಕ್ಕೆ ಕಾಯಲಿಲ್ಲ.

“ನಿಮ್ಮವ್ವ ಬಾಜೂಕ ಅದಾಳೇನು? ಕೊಡು.”

ಅವ್ವ ಫೋನು ತೆಗೆದುಕೊಂಡಳು. “ಯಕ್ಕಾ” ಎನ್ನುತ್ತಲೇ ಸೆರಗನ್ನು ಕಣ್ಣಿಗೊತ್ತಿಕೊಂಡಳು. ದೊಡ್ಡವ್ವನ ಸ್ವರ ಮೊದಲಿನಿಂದಲೂ ದೊಡ್ಡದು. ಪಕ್ಕದಲ್ಲಿ ಕೂತ ನನಗೂ ಸ್ಪಷ್ಟವಾಗಿ ಕೇಳಿಸಿತು.

“ಅಳಬ್ಯಾಡ. ರೈಲಿಗೆ ಬರೂದಿದ್ರ ಬಾ. ಆದ್ರ ನಾ ಟೇಶನ್ನಿಗಿ ಬರಂಗಿಲ್ಲ, ಇನ್ನ ಯಾವ ಗೇಟಿನಾಗೂ ಬಂದು ಕೂಡಂಗಿಲ್ಲ. ಮನಿತನಕ ಬಂದು ಉಡಿ ತುಂಬು.”